ಗ್ರಾಮ ಪಂಚಾಯಿತಿಯ ಕುಡಿಯುವ ನೀರನ್ನು ವೆಬ್ ನಕ್ಷೆಗೆ ತರುವುದು ಹೇಗೆ

ಬಹುತೇಕ ಊರುಗಳಲ್ಲಿ ಕುಡಿಯುವ ನೀರಿನ ನಿಜವಾದ ನಕ್ಷೆ ಇರುವುದು ನೀರುಗಂಟಿಯ ತಲೆಯಲ್ಲಿ. ಯಾವ ಬೋರ್‌ವೆಲ್ಲಿನ ನೀರು ಯಾವ ಟ್ಯಾಂಕಿಗೆ ಏರುತ್ತದೆ, ಯಾವ ವಾಲ್ವ್ ತಿರುಗಿಸಿದರೆ ಯಾವ ಕೇರಿಗೆ ಬರುತ್ತದೆ, ಹಳೆಯ ಪಿವಿಸಿ ಲೈನ್ ಎಲ್ಲಿ ಕೊನೆಯಾಗಿ ಹೊಸದು ಎಲ್ಲಿ ಶುರುವಾಗುತ್ತದೆ ಎಂಬುದೆಲ್ಲ ಅವರಿಗಷ್ಟೇ ಗೊತ್ತು. ಅವರು ರಜೆಯಲ್ಲಿದ್ದಾಗ ಒಂದು ಬೀದಿಯಲ್ಲಿ ಪೈಪ್ ಒಡೆದರೆ ಸರಿಯಾದ ವಾಲ್ವ್ ಸಿಗದೆ ಇಡೀ ಊರಿನ ನೀರನ್ನೇ ನಿಲ್ಲಿಸಬೇಕಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅವರು ನಿವೃತ್ತರಾದ ಮೇಲಂತೂ ರಸ್ತೆ ಅಗೆದು ಹುಡುಕುವುದೊಂದೇ ದಾರಿ.

ಪಿಡಿಒ, ಡೇಟಾ ಎಂಟ್ರಿ ಆಪರೇಟರ್, ಬಿಲ್ ಕಲೆಕ್ಟರ್, ಸದಸ್ಯರು, ಊರಿನ ಆಸಕ್ತ ಯುವಕ ಯುವತಿಯರು ಸೇರಿ ಈ ತಿಳಿವಳಿಕೆಯನ್ನು ವೆಬ್ ನಕ್ಷೆಗೆ ತರುವ ಕ್ರಮ ಇಲ್ಲಿದೆ. ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಬೇಕಿರುವುದು ಶಿಸ್ತು, ಮತ್ತು ನೀರುಗಂಟಿಯ ಜೊತೆ ಊರು ಸುತ್ತುವ ತಾಳ್ಮೆ.

ಹಂತ 1: ನಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು?

ಪಂಚಾಯಿತಿ ನಕ್ಷೆಯ ಕೆಲಸ ಕೈಬಿಟ್ಟು ಹೋಗುವುದಕ್ಕೆ ಮುಖ್ಯ ಕಾರಣ ಎಲ್ಲವನ್ನೂ ಒಟ್ಟಿಗೆ ಗುರುತಿಸಲು ಹೊರಡುವುದು. ಬೀದಿ ದೀಪ, ಚರಂಡಿ, ಶಾಲೆ, ಅಂಗನವಾಡಿ, ಸ್ಮಶಾನ, ಕೆರೆ ಎಲ್ಲ ಸೇರಿ ಸಾವಿರಾರು ಬಿಂದುಗಳಾಗುತ್ತವೆ. ಅವುಗಳಲ್ಲಿ ಯಾವುದನ್ನೂ ಯಾರೂ ದಿನನಿತ್ಯ ತೆರೆದು ನೋಡುವುದಿಲ್ಲ. ಹಾಗಾಗಿ ನೀರೊಂದನ್ನೇ ಹಿಡಿಯಿರಿ, ಅದರಲ್ಲೂ ಮೂರೇ ಪ್ರಶ್ನೆ ಇಟ್ಟುಕೊಳ್ಳಿ: ಪೈಪ್ ಒಡೆದರೆ ಯಾವ ವಾಲ್ವ್ ಮುಚ್ಚಬೇಕು? ಯಾವ ಕೇರಿಗೆ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ನೀರು ಬರುತ್ತದೆ? ಯಾವ ಬೋರ್‌ವೆಲ್ಲಿನ ನೀರು ಕುಡಿಯಲು ಯೋಗ್ಯ? ಈ ಮೂರಕ್ಕೂ ಸಂಬಂಧ ಇಲ್ಲದ ವಿವರವನ್ನು ಮೊದಲ ಸುತ್ತಿನಲ್ಲಿ ಬರೆದುಕೊಳ್ಳಬೇಡಿ.

ಹಂತ 2: ಈಗಾಗಲೇ ಇರುವುದನ್ನು ಕೂಡಿಸಿಕೊಳ್ಳಿ

ಗಡಿಗಳನ್ನು ನೀವೇ ಬರೆಯಲು ಹೋಗಬೇಡಿ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ಕೆ-ಜಿಐಎಸ್ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳ ಗಡಿಗಳಿವೆ. ನಿಂತ ಜಾಗದ ಸರ್ವೆ ನಂಬರ್ ನೋಡಲು ದಿಶಾಂಕ್ ಆ್ಯಪ್ ಇದೆ. ಬೋರ್‌ವೆಲ್ ಇರುವುದು ಸರ್ಕಾರಿ ಜಾಗದಲ್ಲೋ ಖಾಸಗಿ ಹೊಲದಲ್ಲೋ ಎಂಬ ಮೊದಲ ಅಂದಾಜಿಗೆ ಅದು ಸಾಕು. ಹದ್ದುಬಸ್ತಿನ ತಕರಾರಿಗೆ ಮಾತ್ರ ಸರ್ವೆಯರ್ ಅಳತೆಯೇ ಬೇಕು, ಆ್ಯಪಿನ ಗೆರೆ ತೋರಿಸಿ ಯಾರ ಜೊತೆಗೂ ವಾದಕ್ಕಿಳಿಯಬೇಡಿ. ಉಪಗ್ರಹ ಚಿತ್ರ ನೋಡಲು ಇಸ್ರೋದ ಭುವನ್ ಇದೆ.

ಗ್ರಾಮಠಾಣದೊಳಗೆ ಸರ್ವೆ ನಂಬರ್ ನಕ್ಷೆಯಿಂದ ಹೆಚ್ಚು ಪ್ರಯೋಜನವಿಲ್ಲ, ಮನೆಮನೆಯ ಗಡಿ ಅದರಲ್ಲಿ ಇರುವುದಿಲ್ಲ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಸರ್ವೆ ಈ ಕೊರತೆ ನೀಗಿಸುವುದಕ್ಕೆಂದೇ ಬಂದದ್ದು, ಪ್ರಾಯೋಗಿಕ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ನಿಮ್ಮ ಊರಿನಲ್ಲಿ ಅದು ಮುಗಿದಿದ್ದರೆ ಆ ನಕ್ಷೆಯ ಪ್ರತಿಯನ್ನು ಕೇಳಿ ಪಡೆಯಿರಿ. ನೀರಿನ ನಕ್ಷೆಗೆ ಅದಕ್ಕಿಂತ ಒಳ್ಳೆಯ ತಳಪಾಯ ಸಿಗುವುದಿಲ್ಲ.

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಎಂಜಿನಿಯರ್ ಬಳಿ ಜಲ ಜೀವನ್ ಮಿಷನ್ ಕಾಮಗಾರಿಯ ಡ್ರಾಯಿಂಗ್ ಇರುತ್ತದೆ, ಅದನ್ನೂ ತನ್ನಿ. ಆದರೆ ಅದನ್ನು ಪೂರ್ತಿ ನಂಬಬೇಡಿ. ಡ್ರಾಯಿಂಗ್ ತೋರಿಸುವುದು ಯೋಜನೆಯನ್ನು. ಬಂಡೆ ಸಿಕ್ಕಿತೆಂದೋ ಜಾಗದವರು ಒಪ್ಪಲಿಲ್ಲವೆಂದೋ ಪೈಪ್ ಬೇರೆ ದಾರಿ ಹಿಡಿದಿರುತ್ತದೆ.

ಹಂತ 3: ಸಾಮಗ್ರಿ

ಆಂಡ್ರಾಯ್ಡ್ ಫೋನ್ ಎರಡು, ಪವರ್ ಬ್ಯಾಂಕ್, 30 ಮೀಟರ್ ಟೇಪು, ಚೇಂಬರಿನ (ವಾಲ್ವ್ ಇರುವ ಗುಂಡಿಯ) ಮುಚ್ಚಳ ಎತ್ತಲು ಹಾರೆ, ಟಾರ್ಚ್, ಹಳದಿ ಆಯಿಲ್ ಪೇಂಟ್, ಅಂಕಿ ಕೊರೆದ ತಗಡು, ಪ್ರತಿ ಜನವಸತಿಗೂ ಎ3 ಅಳತೆಯ ಮುದ್ರಿತ ನಕ್ಷೆ ಎರಡು ಪ್ರತಿ. ಕಾಗದ ಬೇಡವೆನ್ನಬೇಡಿ: ನೀರುಗಂಟಿ ಬೆರಳಿಟ್ಟು ತೋರಿಸುವುದು ಕಾಗದದ ಮೇಲೆ, ಫೋನಿನ ಪರದೆಯ ಮೇಲಲ್ಲ.

ಕ್ಷೇತ್ರದಲ್ಲಿ ಮಾಹಿತಿ ತುಂಬಲು ಕೋಬೋಕಲೆಕ್ಟ್ ಆ್ಯಪ್ ಸಾಕು. ನೆಟ್‌ವರ್ಕ್ ಇಲ್ಲದ ಕಡೆಯೂ ಅದು ಕೆಲಸ ಮಾಡುತ್ತದೆ, ಪ್ರಶ್ನೆಗಳನ್ನು ಕನ್ನಡದಲ್ಲೇ ಇಡಬಹುದು. ಕಚೇರಿಯ ಕಂಪ್ಯೂಟರಿಗೆ ನಕ್ಷೆ ತಯಾರಿಸುವ ಉಚಿತ ಸಾಫ್ಟ್‌ವೇರ್ ಕ್ಯೂಜಿಐಎಸ್ ಹಾಕಿಕೊಳ್ಳಿ. ಖಾತೆಗಳನ್ನು ಪಂಚಾಯಿತಿಯ ಅಧಿಕೃತ ಇಮೇಲಿನಲ್ಲೇ ತೆರೆಯಬೇಕು. ಆಪರೇಟರ್ ಅವರ ಸ್ವಂತ ಇಮೇಲಿನಲ್ಲಿ ತೆರೆದರೆ ಅವರು ಕೆಲಸ ಬಿಟ್ಟ ದಿನ ನಕ್ಷೆಯೂ ಕೈತಪ್ಪುತ್ತದೆ.

ಹಂತ 4: ಪ್ರತಿಯೊಂದಕ್ಕೂ ಒಂದೇ ಒಂದು ಸಂಖ್ಯೆ

ಊರು ಸುತ್ತುವ ಮೊದಲೇ ಸಂಖ್ಯಾಕ್ರಮ ನಿಶ್ಚಯವಾಗಬೇಕು. ಗ್ರಾಮಕ್ಕೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಡೈರೆಕ್ಟರಿಯ ಕೋಡ್ ಇದೆ, ಅದನ್ನೇ ಬಳಸಿ. ಹೊಸ ಕೋಡ್ ಹುಟ್ಟಿಸಿದರೆ ನಾಳೆ ಬೇರೆ ಇಲಾಖೆಯ ಪಟ್ಟಿಯ ಜೊತೆ ಹೊಂದುವುದಿಲ್ಲ. ಅದರ ಮುಂದೆ ವಸ್ತುವಿನ ಗುರುತು, ಆಮೇಲೆ ಕ್ರಮಸಂಖ್ಯೆ: ಬೋರ್‌ವೆಲ್ಲಿಗೆ ಬೋ-01, ಟ್ಯಾಂಕಿಗೆ ಟ್ಯಾ-01, ವಾಲ್ವಿಗೆ ವಾ-01.

ಒಮ್ಮೆ ಕೊಟ್ಟ ಸಂಖ್ಯೆಯನ್ನು ಮರುಬಳಕೆ ಮಾಡಬಾರದು. ವಾ-07 ಕಿತ್ತು ಹಾಕಿದರೆ ಆ ಸಂಖ್ಯೆ ಅಲ್ಲಿಗೆ ಮುಗಿಯಿತು, ಹೊಸ ವಾಲ್ವಿಗೆ ಮುಂದಿನ ಸಂಖ್ಯೆ. ಇಲ್ಲದಿದ್ದರೆ ಹಳೆಯ ದೂರುಗಳೆಲ್ಲ ಹೊಸ ವಾಲ್ವಿನ ತಲೆಗೆ ಬರುತ್ತವೆ.

ಹಂತ 5: ಫಾರ್ಮ್ ಚಿಕ್ಕದಿರಲಿ

ವಾಲ್ವಿಗೆ ಇಷ್ಟು ಸಾಕು: ಸಂಖ್ಯೆ, ಜಾಗದ ಬಿಂದು (ಫೋನಿನ ಜಿಪಿಎಸ್ ಕೊಡುವ ಅಕ್ಷಾಂಶ ರೇಖಾಂಶ), ವ್ಯಾಸ (ಮಿ.ಮೀ.), ಚೇಂಬರ್ ಸ್ಥಿತಿ, ಪೂರ್ತಿ ಮುಚ್ಚುತ್ತದೆಯೇ, ಮುಚ್ಚಲು ಎಷ್ಟು ಸುತ್ತು, ಯಾವ ಕೇರಿಗೆ ನೀರು, ಎರಡು ಫೋಟೊ, ತುಂಬಿದವರ ಹುದ್ದೆ, ದಿನಾಂಕ. ಬೋರ್‌ವೆಲ್ಲಿಗೆ ಆಳ, ಮೋಟಾರಿನ ಎಚ್‌ಪಿ, ಯಾವ ಟ್ಯಾಂಕಿಗೆ ಸಂಪರ್ಕ, ಮೀಟರಿನ ಆರ್‌ಆರ್ ನಂಬರ್, ಬೇಸಿಗೆಯಲ್ಲಿ ಬತ್ತುತ್ತದೆಯೇ. ಟ್ಯಾಂಕಿಗೆ ಎಷ್ಟು ಲೀಟರ್ ಹಿಡಿಯುತ್ತದೆ, ಕೊನೆಯ ಬಾರಿ ತೊಳೆದದ್ದು ಯಾವಾಗ.

ಸಾಧ್ಯವಾದಲ್ಲೆಲ್ಲ ಟೈಪ್ ಮಾಡಿಸದೆ ಆಯ್ಕೆಪಟ್ಟಿ ಕೊಡಿ. ಕೇರಿಯ ಹೆಸರನ್ನು ಕೈಯಿಂದ ಬರೆಸಿದರೆ ಒಬ್ಬರು ‘ಮೇಲಿನ ಕೇರಿ’ ಎನ್ನುತ್ತಾರೆ, ಇನ್ನೊಬ್ಬರು ‘ಮೇಲ್ಕೇರಿ’ ಎನ್ನುತ್ತಾರೆ, ಕಂಪ್ಯೂಟರಿಗೆ ಅವು ಎರಡು ಬೇರೆ ಕೇರಿಗಳು. ಫೋಟೊದ ಅಳತೆಯನ್ನು ಫಾರ್ಮಿನಲ್ಲೇ 1024 ಪಿಕ್ಸೆಲ್‌ಗೆ ಇಳಿಸಿಡಿ. 400 ಬಿಂದುಗಳಿಗೆ ತಲಾ ಎರಡು ಫೋಟೊ, ಒಂದೊಂದು 4 ಎಂಬಿ ಆದರೆ 3 ಜಿಬಿ ದಾಟುತ್ತದೆ. 200 ಕೆಬಿಗೆ ಇಳಿಸಿದರೆ 160 ಎಂಬಿಯಲ್ಲಿ ಮುಗಿಯುತ್ತದೆ.

ಹಂತ 6: ಊರು ಸುತ್ತುವುದು

ಕೆಲಸದ ಜೀವಾಳ ಇದೇ. ನೀರುಗಂಟಿ ಮುಂದೆ, ಫೋನ್ ಹಿಡಿದವರು ಹಿಂದೆ, ನೀರು ಹರಿಯುವ ದಾರಿಯಲ್ಲೇ ನಡೆಯಿರಿ: ಬೋರ್‌ವೆಲ್, ಏರು ಕೊಳವೆ, ಟ್ಯಾಂಕ್, ಹೊರಹರಿವಿನ ವಾಲ್ವ್, ಅಲ್ಲಿಂದ ಕೇರಿಗಳು. ವಾರ್ಡಿನ ಕ್ರಮದಲ್ಲಿ ನಡೆದರೆ ಸಂಪರ್ಕದ ಎಳೆ ತಪ್ಪುತ್ತದೆ.

ಬಿಂದು ತೆಗೆಯುವಾಗ ಚೇಂಬರಿನ ನೇರ ಮೇಲೆ ನಿಂತು ಫೋನನ್ನು ಅಂಗೈ ಮೇಲೆ ಮಟ್ಟಸವಾಗಿ ಹಿಡಿಯಿರಿ. ಆ್ಯಪ್ ತೋರಿಸುವ ನಿಖರತೆಯ ಅಂಕಿ 5 ಮೀಟರ್ ಅಥವಾ ಅದಕ್ಕಿಂತ ಕೆಳಗೆ ಇಳಿಯುವ ತನಕ ಕಾಯಿರಿ. ಬಯಲಿನಲ್ಲಿ ಒಂದು ನಿಮಿಷದೊಳಗೆ ಇಳಿಯುತ್ತದೆ. ಡೇಟಾ ಆಫ್ ಇದ್ದರೆ ಬೆಳಗಿನ ಮೊದಲ ಬಿಂದುವಿಗೆ ಕೆಲವು ನಿಮಿಷ ಬೇಕಾಗಬಹುದು, ಅದು ಫೋನಿನ ದೋಷವಲ್ಲ. ಅಡಿಕೆ ತೋಟದೊಳಗೆ, ಎತ್ತರದ ಗೋಡೆಗಳ ಓಣಿಯಲ್ಲಿ 10–15 ಮೀಟರಿಗಿಂತ ಕೆಳಗೆ ಇಳಿಯದೇ ಇರಬಹುದು. ಅಂಥ ಕಡೆ ಬಿಂದುವನ್ನು ನಂಬದೆ ಎ3 ನಕ್ಷೆಯ ಮೇಲೆ ಮನೆ, ತಿರುವು ನೋಡಿ ಗುರುತು ಹಾಕಿ, ಕಚೇರಿಯಲ್ಲಿ ಸರಿಪಡಿಸಿ.

5 ಮೀಟರ್ ನಿಖರತೆ ಬೋರ್‌ವೆಲ್ಲಿಗೆ, ಟ್ಯಾಂಕಿಗೆ ಧಾರಾಳವಾಯಿತು. ವಾಲ್ವಿಗೆ ಅದು ಸಾಲದು. ಸಿಸಿ ರಸ್ತೆ ಹಾಕುವಾಗ ಚೇಂಬರಿನ ಮೇಲೆಯೇ ಕಾಂಕ್ರೀಟ್ ಸುರಿದು ಹೋಗುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಆಮೇಲೆ 5 ಮೀಟರ್ ಆಚೆ ಈಚೆ ಎಂದರೆ ರಸ್ತೆಯ ಆ ಭಾಗವನ್ನೆಲ್ಲ ಒಡೆಯಬೇಕು. ಇದಕ್ಕೆ ಟೇಪಿನ ಹಳೆಯ ಉಪಾಯವೇ ಮದ್ದು. ಸದ್ಯಕ್ಕೆ ಬದಲಾಗದ ಮೂರು ಜಾಗ ಆರಿಸಿ: ದೇವಸ್ಥಾನದ ಕಟ್ಟೆಯ ಮೂಲೆ, ಶಾಲೆಯ ಕಾಂಪೌಂಡಿನ ಮೂಲೆ, ಟ್ಯಾಂಕಿನ ಕಂಬ. ಒಂದೊಂದರಿಂದಲೂ ವಾಲ್ವಿನ ನಡುವಿಗೆ ಟೇಪು ಎಳೆದು ಅಳತೆಯನ್ನು ಸೆಂಟಿಮೀಟರಿನವರೆಗೆ ಬರೆದುಕೊಳ್ಳಿ. ಎರಡೇ ಅಳತೆ ಇದ್ದರೆ ಎರಡು ಜಾಗಗಳು ಹೊಂದಬಹುದು, ಮೂರನೆಯದು ಯಾವುದು ಸರಿ ಎಂದು ಹೇಳುತ್ತದೆ. ವಿದ್ಯುತ್ ಕಂಬ, ಮರ, ಗೂಡಂಗಡಿಗಳಿಂದ ಅಳೆಯಬೇಡಿ, ಅವು ಜಾಗ ಬದಲಿಸುತ್ತವೆ. ಈಗಾಗಲೇ ಕಾಂಕ್ರೀಟಿನಡಿ ಸೇರಿದ ವಾಲ್ವಿಗೆ ನೀರುಗಂಟಿಯ ನೆನಪಿನ ಜಾಗವನ್ನೇ ಗುರುತಿಸಿ ‘ಅಂದಾಜು’ ಎಂದು ಬರೆಯಿರಿ.

ಮುಚ್ಚಳ ಎತ್ತಿದ ಕೂಡಲೇ ಕೈ ಹಾಕಬೇಡಿ, ಮೊದಲು ಟಾರ್ಚ್ ಬಿಡಿ, ಚೇಳು ಹಾವುಗಳಿಗೆ ಅದು ತಂಪಾದ ತಾವು. ಫೋಟೊ ಎರಡು ಬೇಕು: ಹತ್ತಿರದ್ದು ವಾಲ್ವಿಗೆ, ದೂರದ್ದು ಹಿಂದೆ ಗುರುತು ಸಿಗುವ ಕಟ್ಟಡ ಕಾಣುವ ಹಾಗೆ. ಕೊನೆಗೆ ಹತ್ತಿರದ ಗೋಡೆಗೆ ಅಥವಾ ಚೇಂಬರಿನ ಅಂಚಿಗೆ ಸಂಖ್ಯೆ ಬರೆಯಿರಿ. ಖಾಸಗಿ ಗೋಡೆಯಾದರೆ ಮನೆಯವರನ್ನು ಕೇಳಿ ಬರೆಯಿರಿ.

ಹಂತ 7: ಮುಚ್ಚಿ ನೋಡುವ ಪರೀಕ್ಷೆ

ನೀರುಗಂಟಿ ಹೇಳಿದ್ದನ್ನು ಬರೆದುಕೊಂಡರೆ ಅರ್ಧ ಕೆಲಸ ಆಯಿತು. ಉಳಿದರ್ಧ ವಾಲ್ವ್ ಮುಚ್ಚಿ ನೋಡುವುದು. ಹಿಂದಿನ ದಿನವೇ ಕೇರಿಯವರಿಗೆ ತಿಳಿಸಿ, ನೀರು ಬಿಡುವ ದಿನ, ಬಿಡುವ ಹೊತ್ತಿನಲ್ಲೇ ಮಾಡಿ. ವಾಲ್ವನ್ನು ನಿಧಾನವಾಗಿ ಮುಚ್ಚಬೇಕು. ಒಮ್ಮೆಲೇ ಮುಚ್ಚಿದರೆ ಹರಿಯುವ ನೀರಿನ ಒತ್ತಡ ಹಿಮ್ಮುಖವಾಗಿ ಬಡಿದು ಹಳೆಯ ಜಾಯಿಂಟ್ ಬಿಡುತ್ತದೆ. ಮುಚ್ಚಿದ ಮೇಲೆ 20–30 ನಿಮಿಷ ಕಾಯಿರಿ, ಪೈಪಿನಲ್ಲಿ ಉಳಿದ ನೀರು ಇಳಿಯಲು ಅಷ್ಟು ಹೊತ್ತು ಬೇಕು. ಆಮೇಲೆ ಕೇರಿಯಲ್ಲಿ ನಡೆದು ಯಾವ ಯಾವ ಮನೆಯ ನಲ್ಲಿ ನಿಂತಿದೆ ನೋಡಿ. ನೋಡಬೇಕಾದದ್ದು ಸಂಪಿಗೆ ಬೀಳುವ ನಲ್ಲಿಯನ್ನು. ಅಡುಗೆಮನೆಯ ನಲ್ಲಿಯಲ್ಲಿ ಬರುವುದು ಮಹಡಿಯ ಮೇಲಿನ ಟ್ಯಾಂಕಿನ ನೀರು.

ನೀರು ಕಡಿಮೆಯಾಗಿ ಪೂರ್ತಿ ನಿಲ್ಲದಿದ್ದರೆ ವಾಲ್ವಿನ ತಳದಲ್ಲಿ ಮರಳು ಕುಳಿತಿರಬಹುದು, ಅಥವಾ ಬೇರೆ ಲೈನಿನಿಂದಲೂ ಆ ಕೇರಿಗೆ ನೀರು ಸೇರುತ್ತಿರಬಹುದು. ಎರಡನೆಯದಾದರೆ ಡ್ರಾಯಿಂಗಿನಲ್ಲಿಲ್ಲದ ಸಂಪರ್ಕವೊಂದು ಸಿಕ್ಕಿತೆಂದೇ ಅರ್ಥ, ಈ ಪರೀಕ್ಷೆಯ ಅತಿ ದೊಡ್ಡ ಲಾಭ ಅದು. ತಿರುಗದ ವಾಲ್ವಿಗೆ ಉದ್ದ ಪೈಪು ಸಿಕ್ಕಿಸಿ ಬಲ ಹಾಕಬೇಡಿ. ವಾಲ್ವ್ ತಿರುಗಿಸುವ ದಂಡ (ಸ್ಪಿಂಡಲ್) ಮುರಿದರೆ ಊರಿಗೆ ನೀರಿಲ್ಲ. ‘ಸಿಕ್ಕಿಕೊಂಡಿದೆ’ ಎಂದು ಬರೆದು ದುರಸ್ತಿ ಪಟ್ಟಿಗೆ ಸೇರಿಸಿ.

ಹಂತ 8: ಕಚೇರಿಯಲ್ಲಿ ತಿದ್ದುಪಡಿ

ಬಂದ ಮಾಹಿತಿಯಲ್ಲಿ ತಪ್ಪುಗಳು ಇದ್ದೇ ಇರುತ್ತವೆ, ಹೆಚ್ಚಿನವು ಗುರುತು ಹಿಡಿಯಲು ಸುಲಭ. ಕರ್ನಾಟಕದ ಅಕ್ಷಾಂಶ ಸುಮಾರು 11.5ರಿಂದ 18.5, ರೇಖಾಂಶ 74ರಿಂದ 78.6ರ ಒಳಗೆ. ಇವೆರಡು ಅದಲು ಬದಲಾದರೆ ಚಿತ್ರದುರ್ಗದ ವಾಲ್ವ್ ಉತ್ತರ ಧ್ರುವದ ಕಡೆಯ ಸ್ವಾಲ್‌ಬಾರ್ಡ್ ಬಳಿಯ ಸಮುದ್ರದಲ್ಲಿ ಕಾಣುತ್ತದೆ. ಖಾಲಿ ಬಿಟ್ಟದ್ದು ಸೊನ್ನೆಯಾಗಿ ಆಫ್ರಿಕಾದ ಪಶ್ಚಿಮಕ್ಕಿರುವ ಸಮುದ್ರಕ್ಕೆ ಬೀಳುತ್ತದೆ. ದಶಮಾಂಶದ ನಂತರ 5 ಅಂಕಿ ಇರಲಿ, ಅದು ಸುಮಾರು ಒಂದು ಮೀಟರಿಗೆ ಸಮ. ಎರಡೋ ಮೂರೋ ಅಂಕಿಗೆ ಕತ್ತರಿಸಿದರೆ ಬಿಂದು ನೂರಾರು ಮೀಟರ್ ಸರಿಯಬಹುದು.

ಎಕ್ಸೆಲ್ ಎರಡು ತೊಂದರೆ ಕೊಡುತ್ತದೆ. ಮೊದಲನೆಯದು, 3-12 ಎಂಬ ಮನೆ ಸಂಖ್ಯೆಯನ್ನು ಅದು ದಿನಾಂಕವಾಗಿ ಬದಲಿಸುತ್ತದೆ. ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಎಂದು ಗೊತ್ತುಮಾಡಿ ಆಮೇಲೆ ಮಾಹಿತಿ ತುಂಬಿಸಿ. ಎರಡನೆಯದು, ಪಟ್ಟಿಯನ್ನು ಸಾದಾ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ಕಡತವಾಗಿ ಉಳಿಸಿದರೆ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯಲ್ಲೇ ಉಳಿಸಿ. ಹಳೆಯ ಮನೆ ಪಟ್ಟಿಗಳು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿದ್ದರೆ ಯೂನಿಕೋಡ್ ಪರಿವರ್ತಕದಲ್ಲಿ ಹಾಯಿಸಿ, ಒತ್ತಕ್ಷರಗಳನ್ನು ಕಣ್ಣಿನಿಂದ ಒಮ್ಮೆ ನೋಡಿ.

ಕ್ಯೂಜಿಐಎಸ್‌ನಲ್ಲಿ ಶೇಪ್‌ಫೈಲ್ ಎಂಬ ಹಳೆಯ ಕಡತ ವಿಧದ ಬದಲು ಜಿಯೋಪ್ಯಾಕೇಜ್ ಬಳಸಿ. ಶೇಪ್‌ಫೈಲಿನಲ್ಲಿ ಕಾಲಂ ಹೆಸರಿಗೆ 10 ಬೈಟ್ ಮಿತಿಯಿದೆ. ಕನ್ನಡದ ಪ್ರತಿ ಅಕ್ಷರ ಚಿಹ್ನೆಗೆ 3 ಬೈಟ್ ಬೇಕಾದ್ದರಿಂದ ಮೂರೇ ಚಿಹ್ನೆಗೆ ಜಾಗ ಮುಗಿಯುತ್ತದೆ. ಕಾಲಂ ಹೆಸರು ಚಿಕ್ಕದಾಗಿ ಇಂಗ್ಲಿಷ್ ಅಕ್ಷರಗಳಲ್ಲಿರಲಿ, ಒಳಗಿನ ಮಾಹಿತಿ ಕನ್ನಡದಲ್ಲಿರಲಿ.

ಪೈಪಿನ ಉದ್ದ ಅಳೆಯುವಾಗ ಎಚ್ಚರ ಬೇಕು. ವೆಬ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಪ್ರಕ್ಷೇಪದಲ್ಲಿ (ದುಂಡು ಭೂಮಿಯನ್ನು ಚಪ್ಪಟೆಯಾಗಿ ಹರಡುವ ಒಂದು ವಿಧಾನ) ಎಲ್ಲವೂ ಹಿಗ್ಗಿರುತ್ತದೆ: 15 ಡಿಗ್ರಿ ಅಕ್ಷಾಂಶದಲ್ಲಿ ಉದ್ದ ಸುಮಾರು ಶೇ 3.5, ವಿಸ್ತೀರ್ಣ ಸುಮಾರು ಶೇ 7 ಹೆಚ್ಚು ಬರುತ್ತದೆ. ಅದೇ ಅಂಕಿ ಎಸ್ಟಿಮೇಟಿಗೆ ಹೋದರೆ ಪ್ರತಿ ಕಿಲೋಮೀಟರಿಗೆ 35 ಮೀಟರ್ ಪೈಪು ಜಾಸ್ತಿ. ಅಳತೆಗೆ ಮೀಟರಿನಲ್ಲಿ ಅಳೆಯುವ ಯುಟಿಎಂ ಪ್ರಕ್ಷೇಪದ ವಲಯ 43 ಉತ್ತರ, ಅಂದರೆ ಕ್ಯೂಜಿಐಎಸ್ ಪಟ್ಟಿಯಲ್ಲಿನ ಇಪಿಎಸ್‌ಜಿ 32643 ಬಳಸಿ. ಕೋಲಾರ ಜಿಲ್ಲೆಯ ಬಹುಭಾಗ, ಚಿಂತಾಮಣಿ ಕಡೆ 78 ಡಿಗ್ರಿ ರೇಖಾಂಶ ದಾಟಿರುವುದರಿಂದ ಅಲ್ಲಿಗೆ ವಲಯ 44, ಸಂಖ್ಯೆ 32644.

ಹಂತ 9: ಪೈಪಿನ ಗೆರೆ, ನೀರಿನ ವಲಯ

ಬಿಂದುಗಳನ್ನು ಜೋಡಿಸಿ ಪೈಪ್ ಎಳೆಯಿರಿ. ಕಣ್ಣಾರೆ ಕಂಡ ಅಥವಾ ಪರೀಕ್ಷೆಯಲ್ಲಿ ದೃಢಪಟ್ಟ ಲೈನಿಗೆ ಪೂರ್ಣ ಗೆರೆ, ಕೇಳಿ ಬರೆದ ಲೈನಿಗೆ ತುಂಡು ಗೆರೆ. ಈ ಭೇದ ಮಾಡದಿದ್ದರೆ ಜೆಸಿಬಿ ಚಾಲಕ ನಿಮ್ಮ ಊಹೆಯನ್ನು ನಂಬಿ ಅಗೆಯುತ್ತಾನೆ. ಚರಂಡಿಯನ್ನು ಪೈಪ್ ದಾಟುವ ಪ್ರತಿ ಜಾಗಕ್ಕೂ ಕೆಂಪು ಬಿಂದು ಇಡಿ. ನೀರು ನಿಲ್ಲಿಸಿದ ಹೊತ್ತಿನಲ್ಲಿ ಖಾಲಿ ಪೈಪು ಸೀಳಿನ ಮೂಲಕ ಹೊರಗಿನ ಕೊಳಕನ್ನು ಒಳಗೆ ಎಳೆದುಕೊಳ್ಳುತ್ತದೆ. ವಾಂತಿ ಭೇದಿಯ ಸುದ್ದಿ ಬಂದ ದಿನ ಮೊದಲು ಹೋಗಿ ನೋಡಬೇಕಾದ್ದು ಈ ಕೆಂಪು ಬಿಂದುಗಳನ್ನು.

ಒಂದು ವಾಲ್ವಿನಡಿ ಬರುವ ಮನೆಗಳೆಲ್ಲ ಒಂದು ವಲಯ. ಅದಕ್ಕೊಂದು ಬಣ್ಣ ಕೊಟ್ಟು ಲೆಕ್ಕ ಹಾಕಿ. ಜಲ ಜೀವನ್ ಮಿಷನ್ ಮಾನದಂಡ ಒಬ್ಬರಿಗೆ ದಿನಕ್ಕೆ 55 ಲೀಟರ್. ವಲಯದಲ್ಲಿ 120 ಮನೆ, ಮನೆಗೆ 5 ಜನ ಎಂದರೆ 33,000 ಲೀಟರ್ ಬೇಕು. ಟ್ಯಾಂಕ್ 25,000 ಲೀಟರಿನದಾದರೆ ಒಮ್ಮೆ ತುಂಬಿಸಿದರೆ ಸಾಲದು. ಬೋರ್‌ವೆಲ್ ನಿಮಿಷಕ್ಕೆ 100 ಲೀಟರ್ ಕೊಟ್ಟರೆ ಅಷ್ಟು ನೀರಿಗೆ ಐದೂವರೆ ಗಂಟೆ ಮೋಟಾರ್ ಓಡಬೇಕು. ಆ ಲೈನಿನಲ್ಲಿ ಥ್ರೀ ಫೇಸ್ ಕರೆಂಟ್ ಎಷ್ಟು ಗಂಟೆ ಇರುತ್ತದೆ ನೋಡಿ. ಕೇರಿಗೆ ನೀರು ಸಾಲುತ್ತಿಲ್ಲ ಎಂಬ ದೂರಿನ ಕಾರಣ ಟ್ಯಾಂಕೋ, ಬೋರೋ, ಕರೆಂಟೋ ಎಂಬುದು ಇಲ್ಲಿ ಹೊರಬೀಳುತ್ತದೆ.

ಅದೇ ಬಿಂದುಗಳಿಗೆ ನೀರಿನ ಪರೀಕ್ಷೆಯ ಫಲಿತಾಂಶವನ್ನೂ ಸೇರಿಸಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಾಗ 1.5ರವರೆಗೆ. ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಪಾವಗಡ, ಕೋಲಾರದಂಥ ಫ್ಲೋರೈಡ್ ಸೀಮೆಯಲ್ಲಿ ಒಂದೇ ಊರಿನ ಎರಡು ಬೋರ್‌ವೆಲ್‌ಗಳ ನೀರು ಬೇರೆ ಬೇರೆಯಾಗಿರಬಹುದು, ಆದ್ದರಿಂದ ಊರಿಗೊಂದು ಅಂಕಿ ಬರೆದು ಕೈತೊಳೆದುಕೊಳ್ಳಬೇಡಿ. ಟ್ಯಾಂಕಿನಿಂದ ಅತಿ ದೂರದ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ 0.2 ಮಿಲಿಗ್ರಾಂ ಇದೆಯೇ ಎಂಬುದನ್ನೂ ದಾಖಲಿಸಿ.

ಹಂತ 10: ನಕ್ಷೆ ಎರಡು, ಒಂದಲ್ಲ

ಜನರ ನಕ್ಷೆಯಲ್ಲಿ ವಲಯ, ನೀರು ಬಿಡುವ ದಿನ ಮತ್ತು ಹೊತ್ತು, ಶುದ್ಧ ನೀರಿನ ಘಟಕ, ಪರೀಕ್ಷೆಯ ಫಲಿತಾಂಶ, ದೂರು ಕೊಡುವ ಸಂಖ್ಯೆ ಇರಲಿ. ವಾಲ್ವಿನ ನಿಖರ ಜಾಗ, ಸ್ಟಾರ್ಟರ್ ಪೆಟ್ಟಿಗೆ, ಟೇಪಿನ ಅಳತೆಗಳು ಕಚೇರಿಯ ನಕ್ಷೆಯಲ್ಲಿ ಮಾತ್ರ. ರಾತ್ರಿ ವಾಲ್ವ್ ತಿರುಗಿಸಿ ತಮ್ಮ ಬೀದಿಗೆ ನೀರು ಹರಿಸಿಕೊಳ್ಳುವವರು ಇದ್ದಾರೆ. ಮನೆ ಯಜಮಾನರ ಹೆಸರು, ಫೋನ್ ನಂಬರ್, ನೀರಿನ ಬಾಕಿ ಎಂದಿಗೂ ಜನರ ನಕ್ಷೆಗೆ ಹೋಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಲ್ಲದಿದ್ದರೂ ಬಾಕಿದಾರರ ಪಟ್ಟಿಯನ್ನು ಊರ ಮುಂದೆ ಹರಡುವುದು ತಪ್ಪೇ.

ಶುರುವಿಗೆ ಗೂಗಲ್ ಮೈ ಮ್ಯಾಪ್ಸ್ ಸುಲಭ, ಆದರೆ 10 ಪದರ, ಪದರಕ್ಕೆ 2,000 ಸಾಲು ಅದರ ಮಿತಿ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆಯನ್ನು ಆಧರಿಸಿದ ಯುಮ್ಯಾಪ್ ಇನ್ನೊಂದು ದಾರಿ. ಅದರಲ್ಲಿ ತಿದ್ದುವ ಲಿಂಕನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಡಬೇಡಿ, ನೋಡುವ ಲಿಂಕ್ ಬೇರೆ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿದರೆ ಅದರ ಹೆಸರು ನಕ್ಷೆಯ ಮೂಲೆಯಲ್ಲಿ ಕಾಣಬೇಕು. ಗೂಗಲ್ ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದು ನಿಮ್ಮ ದತ್ತಾಂಶ ಸಿದ್ಧಪಡಿಸಲು ಆ ಸಂಸ್ಥೆಯ ಷರತ್ತುಗಳು ಒಪ್ಪುವುದಿಲ್ಲ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಅದೇ ನಕ್ಷೆಯ ದೊಡ್ಡ ಮುದ್ರಣ ಪಂಚಾಯಿತಿ ಕಚೇರಿ, ಅಂಗನವಾಡಿಗಳಲ್ಲಿ ತೂಗಲಿ.

ಹಂತ 11: ದೂರು, ದುರಸ್ತಿ, ಬಿಲ್ಲು

ದೂರಿನ ರಿಜಿಸ್ಟರಿನಲ್ಲಿ ಒಂದು ಕಾಲಂ ಸೇರಿಸಿ: ಹತ್ತಿರದ ವಾಲ್ವ್ ಸಂಖ್ಯೆ. ಗೋಡೆಯ ಮೇಲೆ ಬರೆದಿರುವುದರಿಂದ ಫೋನ್ ಮಾಡಿದವರೇ ಓದಿ ಹೇಳುತ್ತಾರೆ. ತಿಂಗಳ ಕೊನೆಗೆ ದೂರುಗಳನ್ನು ನಕ್ಷೆಗೆ ಏರಿಸಿ. ಒಂದೇ ತುಂಡಿನಲ್ಲಿ ಪದೇಪದೇ ಸೋರಿಕೆ ಬಂದರೆ ತೇಪೆ ಹಾಕುವುದು ಬಿಟ್ಟು ಆ ಲೈನ್ ಬದಲಿಸುವ ಕಾಮಗಾರಿಯನ್ನು ಕ್ರಿಯಾ ಯೋಜನೆಗೆ ತನ್ನಿ. ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ನಕ್ಷೆ ಮುಂದಿಟ್ಟರೆ ಯಾರ ಬೀದಿಗೆ ಮೊದಲು ಎಂಬ ಚರ್ಚೆಗೆ ಆಧಾರ ಸಿಗುತ್ತದೆ.

ನಕ್ಷೆ ಹಳತಾಗದಂತೆ ನೋಡಿಕೊಳ್ಳಲು ಬಿಲ್ಲಿಗಿಂತ ಬಲವಾದ ಹಿಡಿತ ಇಲ್ಲ. ಪೈಪ್ ದುರಸ್ತಿಯಾಗಲಿ, ಹೊಸ ಲೈನಾಗಲಿ, ಗುಂಡಿ ಮುಚ್ಚುವ ಮೊದಲು ತೆಗೆದ ಫೋಟೊ, ಬಿಂದು, ಟೇಪಿನ ಮೂರು ಅಳತೆ ಇಲ್ಲದೆ ಬಿಲ್ ಪಾಸಾಗದು ಎಂದು ಪಂಚಾಯಿತಿ ಸಭೆಯಲ್ಲಿ ನಿರ್ಣಯ ಮಾಡಿ, ಕಾರ್ಯಾದೇಶದಲ್ಲೇ ಬರೆಯಿರಿ. ಸಿಸಿ ರಸ್ತೆಯ ಕಾರ್ಯಾದೇಶಕ್ಕೂ ಒಂದು ಸಾಲು ಸೇರಲಿ: ಚೇಂಬರಿನ ಮುಚ್ಚಳವನ್ನು ಹೊಸ ರಸ್ತೆಯ ಮಟ್ಟಕ್ಕೆ ಎತ್ತಿಕೊಡಬೇಕು.

ತಿಂಗಳಿಗೊಮ್ಮೆ ಜಿಯೋಪ್ಯಾಕೇಜ್ ಮತ್ತು ಸಿಎಸ್‌ವಿ ಎರಡನ್ನೂ ದಿನಾಂಕ ಹಾಕಿ ಉಳಿಸಿ. ಒಂದು ಪ್ರತಿ ಕಚೇರಿಯಲ್ಲಿ, ಇನ್ನೊಂದು ತಾಲ್ಲೂಕು ಪಂಚಾಯಿತಿಯಲ್ಲಿ ಇರಲಿ. ಪಿಡಿಒ ವರ್ಗವಾದಾಗ ಪ್ರಭಾರ ಪಟ್ಟಿಯಲ್ಲಿ ಖಾತೆಗಳ ವಿವರವೂ ಬರಬೇಕು.

ನೀರಿನ ನಕ್ಷೆ ಒಂದು ಬೇಸಿಗೆ ದಾಟಿ ದಿನಬಳಕೆಗೆ ಬಂದ ಮೇಲೆ ಬೀದಿ ದೀಪಕ್ಕೆ ಕೈ ಹಾಕಿ. ಕಂಬಗಳಿಗೆ ವಿದ್ಯುತ್ ಕಂಪನಿ ಸಂಖ್ಯೆ ಬರೆದಿದ್ದರೆ ಅದನ್ನೇ ಉಳಿಸಿಕೊಳ್ಳಿ. ಬಿಂದುಗಳನ್ನು ಹಗಲಲ್ಲಿ ತೆಗೆದು, ದೀಪ ಉರಿಯುತ್ತಿದೆಯೇ ಎಂಬುದನ್ನು ರಾತ್ರಿ ಒಮ್ಮೆ, ಹಗಲಲ್ಲೂ ಉರಿಯುತ್ತಿದೆಯೇ ಎಂಬುದನ್ನು ಮಧ್ಯಾಹ್ನ ಒಮ್ಮೆ ನೋಡಿ. ಯಾವ ಸ್ವಿಚ್ಚಿಗೆ ಯಾವ ಕಂಬಗಳು ಸೇರಿವೆ ಎಂದು ತಿಳಿಯಲು ವಾಲ್ವಿನ ಹಾಗೆಯೇ ಒಂದೊಂದೇ ಆಫ್ ಮಾಡಿ ನೋಡಬೇಕು.